ಪದರಿಗೂ ಪದರಿಗೂ ನಡುವೆ

(ಬಾದಾಮಿಯ ಮೂರನೆಯ ಗುಹೆಯ ಮೊಗಸಾಲೆ. ಶಾಸನಗಳನ್ನು ಓದುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವರೊಬ್ಬರು. ಕಾಲೇಜಿನಲ್ಲಿ ಭೂವಿಜ್ಞಾನವನ್ನು ಬೋಧಿಸಿ ನಿವೃತ್ತರಾದವರು ಇನ್ನೊಬ್ಬರು. ಹಳೆಯ ಪರಿಚಯ, ಅದಕ್ಕಿಂತ ಹಳೆಯದು ಇಬ್ಬರ ವಾದದ ಚಟ.)

ಶಾಸನಜ್ಞ: ರಾಯರೇ, ನೀವು ಏನೇ ಹೇಳಿ, ಈ ಗುಹೆಯ ಮಟ್ಟಿಗೆ ಕಾಲವೆಂಬುದು ಆರಂಭವಾಗುವುದು ಶಕವರ್ಷ 500ರಲ್ಲಿ, ಎಂದರೆ ಕ್ರಿಸ್ತಶಕ 578ರಲ್ಲಿ, ಚಾಲುಕ್ಯರ ಮಂಗಳೇಶನು ಈ ವಿಷ್ಣುಗೃಹವನ್ನು ಮಾಡಿಸಿ ಆ ಸಂಗತಿಯನ್ನು ಅಗೋ ಅಲ್ಲಿ ಭಿತ್ತಿಗಂಬದ ಮೇಲೆ ಬರೆಯಿಸಿದ ಕಾರ್ತಿಕ ಪೌರ್ಣಮಿಯಂದು. ಎದುರಿನ ಬೆಟ್ಟದ ಬಂಡೆಯ ಮೇಲಣ ಮೊದಲನೆಯ ಪುಲಕೇಶಿಯ ಶಾಸನವನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನು ಮೂವತ್ತೈದು ವರ್ಷ ಹಿಂದಕ್ಕೆ, 543ಕ್ಕೆ, ಹೋಗಬಹುದು. ಅದಕ್ಕೂ ಹಿಂದೆ ಇಲ್ಲಿದ್ದದ್ದು ಬರಿಯ ಕಲ್ಲು.

ಶಿಲಾಜ್ಞ: 'ಬರಿಯ' ಎಂಬುದನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ನಾನು ತಕರಾರು ಮಾಡುವುದಿಲ್ಲ, ಮಾಸ್ತರರೇ. ನಿಮ್ಮ ಮಂಗಳೇಶನ ಅಕ್ಷರಗಳು ಯಾವುದರ ಮೇಲೆ ಕೂತಿವೆಯೋ ಆ ಕಂಬವನ್ನು ಸ್ವಲ್ಪ ದೂರ ನಿಂತು ನೋಡಿರಿ. ಅಡ್ಡಕ್ಕೆ ಎಳೆದಂತೆ ಮಟ್ಟಸವಾಗಿ ಹೋಗುವ ಗೆರೆಗಳು ಕೆಲವು; ಅಂಥ ಎರಡೆರಡು ಗೆರೆಗಳ ನಡುವೆ ಓರೆಯಾಗಿ, ಒಂದರ ಮೇಲೊಂದು ಒರಗಿ ಮಲಗಿದಂತೆ ಕಾಣುವ ಸಣ್ಣ ಗೆರೆಗಳು ಹಲವು. ಶಿಲ್ಪಿಯ ಉಳಿ ಇವೆರಡರಲ್ಲಿ ಯಾವುದನ್ನೂ ಮಾಡಲಿಲ್ಲ. ಅವನು ಮಾಡಿದ್ದು ಅವುಗಳನ್ನು ಅಡ್ಡಗಡಿದು ನಮ್ಮ ಕಣ್ಣಿಗೆ ತೋರಿಸಿದ್ದಷ್ಟೇ.

ಶಾಸನಜ್ಞ: ಗುಲಾಬಿ, ಕೆಂಪು, ಕೆನೆಬಣ್ಣದ ಪಟ್ಟೆಗಳನ್ನು ನಾನೂ ಕಂಡಿದ್ದೇನೆ. ಸೊಗಸಾಗಿವೆ, ಶಿಲ್ಪದ ಮುಖದ ಮೇಲೆ ಹಾದುಹೋದ ಕಡೆ ತುಸು ಕಿರಿಕಿರಿಯೂ ಆಗುತ್ತದೆ. ಆದರೆ ನೀವು ಇದೀಗ ಹೇಳಹೊರಟಿರುವ ಮಾತು ನನಗೆ ಗೊತ್ತು: ಈ ಪದರುಗಳು ಭೂಮಿಯ ಚರಿತ್ರೆಯೆಂಬ ಗ್ರಂಥದ ಪುಟಗಳು. ನಿಮ್ಮವರೆಲ್ಲರೂ ಹೇಳುವ ಮಾತೇ ಅದು.

ಶಿಲಾಜ್ಞ: ಆ ಮಾತು ನನಗೂ ಸಾಕಾಗಿದೆ. ಪುಟಗಳೆಂದ ಕೂಡಲೆ ಒಂದಾದಮೇಲೊಂದು ಎಡೆಬಿಡದೆ ಬರೆದುಕೊಂಡು ಹೋದಂತೆ, ಒಂದೊಂದು ಪುಟಕ್ಕೂ ಅಷ್ಟಷ್ಟೇ ಹೊತ್ತು ಹಿಡಿದಂತೆ ಭಾಸವಾಗುತ್ತದೆ. ಕಲ್ಲಿನಲ್ಲಿ ಹಾಗೆ ನಡೆಯುವುದೇ ಇಲ್ಲ. ಅದಕ್ಕಿಂತ ನಿಮ್ಮ ಶಾಸನಗಳೇ ನನ್ನ ಕೆಲಸಕ್ಕೆ ಹತ್ತಿರ. ಆದರೆ ಅಲ್ಲಿಗೆ ಹೋಗುವ ಮೊದಲು ಈ ಮರಳು ಇಲ್ಲಿಗೆ ಬಂದ ಬಗೆಯನ್ನು ಒಪ್ಪಿಸಬೇಕು.

ಶಾಸನಜ್ಞ: ಒಪ್ಪಿಸಿರಿ. ಸಾವಧಾನವಾಗಿಯೇ ಒಪ್ಪಿಸಿರಿ; ಬಿಸಿಲು ಇಳಿಯುವ ತನಕ ಕೆಳಗಿಳಿಯುವ ಹಾಗಿಲ್ಲ.

ಶಿಲಾಜ್ಞ: ಇಳಕಲ್ಲಿನ ಕೆಂಪು ಗ್ರಾನೈಟನ್ನು ನೀವು ಬಲ್ಲಿರಿ. ಆ ಜಾತಿಯ ಶಿಲೆಗಳೂ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋಳಾಗಿ ಎದ್ದುನಿಂತಿರುವ 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಬಂಡೆಯಂಥವೂ ಈ ನಾಡಿನ ತಳಹದಿ. ಭೂಮಿಯೊಳಗಿನ ಕಾವಿನಲ್ಲಿ, ಒತ್ತಡದಲ್ಲಿ ರೂಪುಗೊಂಡ ಇಂಥ ಶಿಲೆ ಹೊರಗಣ ಗಾಳಿಗೂ ಮಳೆಗೂ ಮೈಯೊಡ್ಡಿದ ಮೇಲೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ಮಳೆಯ ನೀರು ವಾಯುಮಂಡಲದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತ್ಯಂತ ದುರ್ಬಲವಾದ ಆಮ್ಲವಾಗಿ ಬೀಳುವುದರಿಂದ, ಗ್ರಾನೈಟಿನಲ್ಲಿ ಹೆಚ್ಚಿನ ಪಾಲನ್ನು ಆಕ್ರಮಿಸಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಕಾಲಾಂತರದಲ್ಲಿ ಕೊಳೆತು ಜೇಡಿಯಾಗುತ್ತದೆ. ಅದರೊಳಗಿನ ಕ್ಷಾರಗಳು ಕರಗಿ ನೀರಿನೊಡನೆ ಸಮುದ್ರದ ಪಾಲಾಗುತ್ತವೆ. ಇಷ್ಟೆಲ್ಲ ಆದರೂ ಜಗ್ಗದೆ ಉಳಿಯುವುದು ಮುಖ್ಯವಾಗಿ ಬೆಣಚು. ಫೆಲ್ಡ್‌ಸ್ಪಾರಿನ ಹಿಡಿತ ತಪ್ಪಿದಾಗ ಬೆಣಚಿನ ಹರಳುಗಳು ಬಿಡಿಬಿಡಿಯಾಗಿ ಉದುರುತ್ತವೆ. ಉದುರಿದ್ದನ್ನು ಮಳೆ ಹಳ್ಳಕ್ಕೂ ಹಳ್ಳ ಹೊಳೆಗೂ ಒಯ್ಯುತ್ತದೆ. ನಾವೀಗ ಕುಳಿತಿರುವ ಈ ಬೆಟ್ಟ ಹೆಚ್ಚಾಗಿ ಅಂಥ ಹರಳುಗಳ ರಾಶಿ.

ಶಾಸನಜ್ಞ: ಎಂದರೆ ಒಂದು ಬೆಟ್ಟದ ಅಳಿವು ಇನ್ನೊಂದರ ಬಂಡವಾಳ.

ಶಿಲಾಜ್ಞ: ಅಷ್ಟೇ. ಹೊತ್ತೊಯ್ಯುವ ನೀರಿಗೂ ಒಂದು ವಿವೇಚನೆಯಿದೆಯೆಂದು ತೋರುತ್ತದೆ, ಅದು ಕೇವಲ ವೇಗದ ಫಲವಾದರೂ. ಪ್ರವಾಹದ ರಭಸ ಇಳಿದ ಕೂಡಲೆ ಮೊದಲು ಕೆಳಗೆ ಬೀಳುವುದು ಉರುಟುಗಲ್ಲು. ಆಮೇಲೆ ಮರಳು, ಎಂದರೆ ನಮ್ಮವರ ಅಳತೆಯಲ್ಲಿ ಎರಡು ಮಿಲಿಮೀಟರಿನಿಂದ ಹಿಡಿದು ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಭಾಗದವರೆಗಿನ ಕಣ. ಎಲ್ಲಕ್ಕೂ ಕೊನೆಗೆ, ನೀರು ನಿಂತಂತೆ ಆದಾಗ, ನವಿರಾದ ಜೇಡಿ. ಆದಕಾರಣ ಒಂದೇ ನದಿ ಗುಡ್ಡದ ಬುಡದಲ್ಲಿ ಬಿಟ್ಟದ್ದು ಉಂಡೆಗಲ್ಲಿನ ಶಿಲೆಯಾಗುತ್ತದೆ, ಬಯಲಿನಲ್ಲಿ ಬಿಟ್ಟದ್ದು ಮರಳುಗಲ್ಲಾಗುತ್ತದೆ, ದೂರದ ನಿಂತ ನೀರಿನಲ್ಲಿ ಬಿಟ್ಟದ್ದು ಜೇಡಿಶಿಲೆಯಾಗುತ್ತದೆ. ಇನ್ನೊಂದು ಸಂಗತಿ: ಈ ಮರಳು ಹರಿದು ಬಂದ ಕಾಲದಲ್ಲಿ ನೆಲದ ಮೇಲೆ ಹುಲ್ಲೂ ಇರಲಿಲ್ಲ, ಗಿಡಮರವೂ ಇರಲಿಲ್ಲ. ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸುವ ಬೇರುಗಳೇ ಇಲ್ಲದಿದ್ದರೆ ನದಿ ಒಂದು ಪಾತ್ರದಲ್ಲಿ ಹರಿಯುವುದೆಂತು? ಹತ್ತಾರು ಕವಲುಗಳಾಗಿ ಹೆಣೆದುಕೊಂಡು, ಈ ವರ್ಷ ಇಲ್ಲಿ ಮುಂದಿನ ವರ್ಷ ಅಲ್ಲಿ ಎಂಬಂತೆ, ಮೈಲಿಗಟ್ಟಲೆ ಅಗಲಕ್ಕೆ ಮರಳನ್ನು ಹಾಸುತ್ತ ಹೋಗುತ್ತಿತ್ತು. ಇಂದಿನ ಮಲಪ್ರಭೆಯನ್ನು ನೋಡಿ ಆ ನದಿಗಳನ್ನು ಊಹಿಸಿದರೆ ತಪ್ಪುತ್ತೇವೆ.

ಶಾಸನಜ್ಞ: ಮರಳು ಬಂದು ಬಿದ್ದಿತೆಂದು ಒಪ್ಪಿದೆ. ಬಿದ್ದ ಮರಳು ಮರಳಾಗಿಯೇ ಇರಬೇಕಷ್ಟೆ. ಉಳಿಗೆ ಕಿಡಿ ಹಾರಿಸುವ ಕಲ್ಲಾದದ್ದು ಹೇಗೆ? ಬಿಸಿಲಿಗೆ ಒಣಗಿಯೇ?

ಶಿಲಾಜ್ಞ: ಒಣಗಿದ ಮರಳು ಗಾಳಿಗೆ ಹಾರುತ್ತದೆ, ಕಲ್ಲಾಗುವುದಿಲ್ಲ. ಕಲ್ಲಾಗುವುದಕ್ಕೆ ಬೇಕಾದ್ದು ಹೂಳು, ನೀರು, ತಾಳ್ಮೆ. ಹೊಸದಾಗಿ ಕೂತ ಮರಳಿನಲ್ಲಿ ಹತ್ತರಲ್ಲಿ ನಾಲ್ಕು ಪಾಲು ಬರಿಯ ಸಂದು. ಕೆಸರಿನಲ್ಲಿಯಾದರೋ ಅರ್ಧಕ್ಕೂ ಮಿಕ್ಕು ನೀರೇ. ಮೇಲೆ ಮೇಲೆ ಹೊಸ ಸಂಚಯ ಬಿದ್ದಂತೆಲ್ಲ ಅದರ ಭಾರಕ್ಕೆ ಕೆಳಗಿನದು ಅದುಮಿಕೊಳ್ಳುತ್ತದೆ, ನೀರು ಹಿಂಡಿಹೋಗುತ್ತದೆ. ಜೇಡಿಯ ಹಾಳೆಯಂಥ ಕಣಗಳು ಮಟ್ಟಸವಾಗಿ ಮಲಗುವುದರಿಂದ ಜೇಡಿಶಿಲೆ ತೆಳ್ಳಗೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುವಂತಾಗುತ್ತದೆ. ಮರಳನ್ನು ಮಾತ್ರ ಅದುಮಿದ್ದರಿಂದಲೇ ಕಲ್ಲಾಗಿಸಲಾಗದು. ಅದರ ಸಂದುಗಳಲ್ಲಿ ಸಾವಕಾಶವಾಗಿ ಹರಿದಾಡುವ ಅಂತರ್ಜಲವು ತನ್ನಲ್ಲಿ ಕರಗಿದ್ದ ಸಿಲಿಕವನ್ನೋ ಸುಣ್ಣವನ್ನೋ ಕಬ್ಬಿಣದ ಆಕ್ಸೈಡನ್ನೋ ಕಣದಿಂದ ಕಣಕ್ಕೆ ಬಿಟ್ಟು ಹೋಗುತ್ತದೆ, ಅದೇ ಬಂಧಕ. ಸಿಲಿಕ ಬಂದು ಸೇರಿದ ಕಡೆಯಲ್ಲಿ ಒಂದು ವಿಚಿತ್ರವುಂಟು. ಬೆಣಚಿನ ಹರಳಿನ ಮೇಲೆ ಹೊಸ ಬೆಣಚು ಕೂಡುವಾಗ ಹಳೆಯ ಹರಳಿನ ಅಣುವಿನ್ಯಾಸವನ್ನೇ ಅನುಸರಿಸಿ ಬೆಳೆಯುತ್ತದೆಯಾದ್ದರಿಂದ, ಹೊಳೆಯಲ್ಲಿ ಉರುಳಿ ಉರುಳಿ ಉರುಟಾಗಿದ್ದ ಕಣ ನೆಲದ ಆಳದಲ್ಲಿ ಮತ್ತೆ ಮೊನೆ ಮುಖಗಳನ್ನು ಪಡೆದು ಪಕ್ಕದ ಕಣದೊಡನೆ ಬೆಸೆದುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳೆಯ ಉರುಟು ಅಂಚು ಧೂಳಿನ ಸಣ್ಣ ವೃತ್ತವಾಗಿ ಹರಳಿನೊಳಗೇ ಕಾಣಿಸುವುದುಂಟು. ಇನ್ನು ನಿಮ್ಮ ಕೆಂಪು ಬಣ್ಣ: ಅದು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತೆಳುಲೇಪ. ಇಷ್ಟು ದೊಡ್ಡ ಬೆಟ್ಟವನ್ನು ಕೆಂಪಾಗಿಸಲು ಬೇಕಾದ ಕಬ್ಬಿಣ ಅತ್ಯಲ್ಪ.

ಶಾಸನಜ್ಞ: ಹಾಗಾದರೆ ಕಂಬದ ಮೇಲಿನ ಒಂದೊಂದು ಬಣ್ಣದ ಪಟ್ಟೆಯೂ ಒಂದೊಂದು ಪದರೆಂದು ಎಣಿಸಬಹುದೇ?

ಶಿಲಾಜ್ಞ: ಅವಸರ ಬೇಡ. ಬಣ್ಣವನ್ನು ನಂಬಿ ಮೋಸಹೋದ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಕಲ್ಲಾದ ಎಷ್ಟೋ ಕಾಲದ ಮೇಲೆ ಅದರೊಳಗೆ ಇಂಗಿದ ನೀರು ಕಬ್ಬಿಣವನ್ನು ಒಂದೆಡೆಯಿಂದ ಕರಗಿಸಿ ಇನ್ನೊಂದೆಡೆ ಬಿಟ್ಟು ಪಟ್ಟೆಗಳನ್ನು ಬಿಡಿಸಬಲ್ಲುದು. ಅವು ನಿಜವಾದ ಪದರುಗಳನ್ನು ಅಡ್ಡ ದಾಟಿಕೊಂಡೂ ಹೋಗುತ್ತವೆ. ಪದರನ್ನು ಗುರುತಿಸಬೇಕಾದರೆ ಬಣ್ಣವನ್ನು ಮರೆತು ಕಣದ ಗಾತ್ರವನ್ನು ಬೆರಳಿನಿಂದ ತಡವಿ ನೋಡಬೇಕು. ಎಲ್ಲಿ ದಪ್ಪ ಮರಳು ನಿಂತು ಸಣ್ಣ ಮರಳು ಮೊದಲಾಗುತ್ತದೆಯೋ, ಎಲ್ಲಿ ಜೇಡಿಯ ತೆಳುಪೊರೆಯೊಂದು ನಡುವೆ ಸೇರಿದೆಯೋ, ಅಲ್ಲಿ ಪದರು ಬದಲಾಯಿತು.

ಶಾಸನಜ್ಞ: ಬದಲಾವಣೆಯೇ ಪದರಿಗೆ ಕಾರಣವೆಂದಾಯಿತು. ಹಾಗಿದ್ದರೆ ಮಳೆಗಾಲಕ್ಕೊಂದು, ಬೇಸಗೆಗೊಂದು, ವರ್ಷಕ್ಕೆ ಎರಡು. ಎಣಿಸಿಬಿಟ್ಟರೆ ಬೆಟ್ಟದ ವಯಸ್ಸು ಬಂತು!

ಶಿಲಾಜ್ಞ: ಕೆಲವು ನಿಶ್ಚಲವಾದ ಸರೋವರಗಳ ತಳದಲ್ಲಿ ಹಾಗೆ ಎಣಿಸಬಹುದು, ಎಣಿಸಿಯೂ ಇದ್ದಾರೆ. ಇಲ್ಲಿ ಆ ಲೆಕ್ಕ ನಡೆಯದು. ಆ ಓರೆಗೆರೆಗಳನ್ನೇ ತೆಗೆದುಕೊಳ್ಳಿರಿ. ಹರಿಯುವ ನೀರಾಗಲಿ ಬೀಸುವ ಗಾಳಿಯಾಗಲಿ ಮರಳನ್ನು ಸಾಗಿಸುವಾಗ ದಿಬ್ಬ ಕಟ್ಟುತ್ತದೆ. ದಿಬ್ಬದ ಪ್ರವಾಹಾಭಿಮುಖವಾದ ಇಳಿಜಾರನ್ನು ಹತ್ತಿದ ಕಣಗಳು ನೆತ್ತಿಯನ್ನು ದಾಟಿ ಆಚೆಯ ಕಡಿದಾದ ಮೈಮೇಲೆ ಜಾರಿ ಬೀಳುತ್ತವೆ. ಮೂವತ್ತು ಡಿಗ್ರಿಯನ್ನು ತುಸು ಮೀರಿದ ಓರೆಗಿಂತ ಹೆಚ್ಚಿಗೆ ಮರಳು ನಿಲ್ಲಲಾರದು, ಕುಸಿಯುತ್ತದೆ. ಹೀಗೆ ಒಂದು ಮೈಮೇಲೆ ಹತ್ತಿ ಇನ್ನೊಂದು ಮೈಮೇಲೆ ಜಾರುತ್ತ ಇಡೀ ದಿಬ್ಬವೇ ಮುಂದಕ್ಕೆ ನಡೆಯುತ್ತದೆ, ಅದರ ಒಂದೊಂದು ಕುಸಿತವೂ ಒಂದೊಂದು ಓರೆಗೆರೆಯಾಗಿ ಉಳಿಯುತ್ತದೆ. ಹಿಂದಿನಿಂದ ಬಂದ ಮತ್ತೊಂದು ದಿಬ್ಬ ಇದರ ತಲೆಯನ್ನು ಸವರಿಹಾಕಿ ತಾನು ಮೇಲೆ ಕೂರುತ್ತದೆ. ಆ ಸವರಿದ ಗುರುತೇ ನೀವು ಕಾಣುವ ಮಟ್ಟಸವಾದ ಗೆರೆ. ಈಗ ಹೇಳಿರಿ, ಅಂಥ ಎರಡು ಗೆರೆಗಳ ನಡುವಿನ ಮೊಣಕಾಲೆತ್ತರದ ಓರೆಪದರುಗಳು ಎಷ್ಟು ಕಾಲದಲ್ಲಿ ಆಗಿರಬೇಕು?

ಶಾಸನಜ್ಞ: ನಿಮ್ಮ ಶಾಸ್ತ್ರದಲ್ಲಿ ಯಾವುದಕ್ಕೂ ಲಕ್ಷಕ್ಕೆ ಕಡಿಮೆಯಿಲ್ಲ. ಒಂದು ಲಕ್ಷ ವರ್ಷ?

ಶಿಲಾಜ್ಞ: ಒಂದು ಪ್ರವಾಹ ಸಾಕು. ಕೆಲವು ದಿನ, ಕೆಲವು ಸಲ ಕೆಲವು ಗಂಟೆ.

ಶಾಸನಜ್ಞ: ಆಹಾ! ಹಾಗಾದರೆ ಈ ಬೆಟ್ಟವೆಲ್ಲ ಒಂದು ತಲೆಮಾರಿನ ಕೆಲಸ. ನಿಮ್ಮ ಕೋಟಿಗಳೆಲ್ಲ ಎಲ್ಲಿಗೆ ಹೋದವು?

ಶಿಲಾಜ್ಞ: ಗೆರೆಯೊಳಕ್ಕೆ. ನಾನು ನಿಮ್ಮ ಶಾಸನಗಳನ್ನು ನೆನೆದದ್ದು ಇದಕ್ಕಾಗಿಯೇ. ಪುಲಕೇಶಿಯ ಶಾಸನಕ್ಕೂ ಮಂಗಳೇಶನದಕ್ಕೂ ಮೂವತ್ತೈದು ವರ್ಷಗಳ ಅಂತರವೆಂದಿರಿ. ಆ ಎರಡನ್ನು ಕಂಡರಿಸುವುದಕ್ಕೆ ಕಲ್ಲುಕುಟಿಗನಿಗೆ ಹಿಡಿದದ್ದು ಎಷ್ಟು ದಿನ? ಮಿಕ್ಕ ವರ್ಷಗಳಲ್ಲಿ ವಾತಾಪಿಯೆಂಬ ಈ ಬಾದಾಮಿಯಲ್ಲಿ ಜನ ಹುಟ್ಟಲಿಲ್ಲವೇ, ಸಾಯಲಿಲ್ಲವೇ? ದಾನವೋ ಕಾಳಗವೋ ದೇಗುಲವೋ ಆದ ದಿನ ಮಾತ್ರ ಕಲ್ಲಿಗೆ ಬಂತು; ಉಳಿದದ್ದಕ್ಕೆ ಗುರುತಿಲ್ಲ. ಮರಳುಗಲ್ಲಿನಲ್ಲಿಯೂ ಬರವಣಿಗೆಯಾದದ್ದು ನೆರೆ ಬಂದ ದಿನ. ನದಿ ಬೇರೆ ಕವಲಿಗೆ ಸರಿದು ಈ ಭಾಗ ಬತ್ತಿ ಬಿದ್ದಿದ್ದ ಕಾಲ, ಹಾಸಿದ್ದನ್ನು ಮುಂದಿನ ನೆರೆ ಕೊಚ್ಚಿಕೊಂಡು ಹೋದ ಕಾಲ, ಇವೆಲ್ಲಕ್ಕೂ ಸೇರಿ ಉಳಿದದ್ದು ಒಂದು ಗೆರೆ. ಅದರಲ್ಲಿ ನೂರು ವರ್ಷವಿರಬಹುದು, ಹತ್ತು ಸಾವಿರವಿರಬಹುದು. ಗೆರೆಯ ದಪ್ಪವನ್ನು ಅಳೆದು ಹೇಳುವಂತಿಲ್ಲ. ಜನ ದಪ್ಪನಾದ ಪದರನ್ನು ಕಂಡು 'ಎಷ್ಟು ಕಾಲ ಹಿಡಿದಿರಬೇಕು' ಎಂದು ಬೆರಗಾಗುತ್ತಾರೆ. ಬೆರಗಾಗಬೇಕಾದ್ದು ಎರಡು ಪದರು ಕೂಡುವ ಕಡೆ.

ಶಾಸನಜ್ಞ: ಇದು ಕೇಳಲು ಚೆನ್ನಾಗಿದೆ. ಆದರೆ ಇಲ್ಲದ್ದನ್ನು ಸಾಕ್ಷ್ಯವೆಂದು ಮುಂದಿಡುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಶಾಸನವಿಲ್ಲದ ಶತಮಾನದಲ್ಲಿ ತಮಗೆ ಬೇಕಾದ ರಾಜವಂಶವನ್ನೇ ನೆಲೆಗೊಳಿಸಿದ ವಿದ್ವಾಂಸರನ್ನು ನಾನು ಬಲ್ಲೆ. ಗೆರೆಯಲ್ಲಿ ಕಾಲ ಅಡಗಿದೆಯೆಂಬುದಕ್ಕೆ ನಿಮ್ಮಲ್ಲಿ ಪ್ರಮಾಣವೇನು?

ಶಿಲಾಜ್ಞ: ನ್ಯಾಯವಾದ ಪ್ರಶ್ನೆ. ಪ್ರಮಾಣ ಇಲ್ಲಿಂದ ಬಹು ದೂರದಲ್ಲಿಲ್ಲ. ಆದರೆ ಅದಕ್ಕೆ ಪೀಠಿಕೆಯಾಗಿ ಒಬ್ಬ ವೈದ್ಯನನ್ನು ನೆನೆಯಬೇಕು. ಡೆನ್ಮಾರ್ಕಿನವನಾದ ಸ್ಟೆನೋ ಎಂಬಾತ ಫ್ಲಾರೆನ್ಸಿನ ಮೆಡಿಚಿ ಪ್ರಭುಗಳ ಆಶ್ರಯದಲ್ಲಿದ್ದಾಗ, 1666ರಲ್ಲಿ, ಬೆಸ್ತರು ಹಿಡಿದ ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಛೇದಿಸಿ ನೋಡಿದ. ಅದರ ಹಲ್ಲುಗಳೂ, ಬೆಟ್ಟದ ಕಲ್ಲುಗಳಲ್ಲಿ ದೊರೆಯುತ್ತಿದ್ದ ನಾಲಗೆಯಾಕಾರದ ಹರಳುಗಳೂ ಒಂದೇ ಎಂದು ಕಂಡುಕೊಂಡ. ಸಮುದ್ರದ ಮೀನಿನ ಹಲ್ಲು ಬೆಟ್ಟದ ಬಂಡೆಯೊಳಗೆ ಸೇರಬೇಕಾದರೆ ಆ ಬಂಡೆ ಒಂದು ಕಾಲದಲ್ಲಿ ಮೆತ್ತನೆಯ ಕೆಸರಾಗಿದ್ದಿರಬೇಕಷ್ಟೆ. ಈ ಎಳೆಯನ್ನು ಹಿಡಿದು ಹೋಗಿ 1669ರಲ್ಲಿ ಅವನು ಪ್ರಕಟಿಸಿದ ತತ್ತ್ವಗಳು ಇಂದಿಗೂ ನಮ್ಮ ಮೊದಲ ಪಾಠ: ಕದಡದ ಪದರುಗಳಲ್ಲಿ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು, ಸಂಚಯಗೊಂಡಾಗ ಪದರು ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ, ಅಡ್ಡಿಯೊದಗುವವರೆಗೆ ಸುತ್ತಲೂ ಹಬ್ಬಿರುತ್ತದೆ. ಇಷ್ಟು ಸರಳವಾದ ಮಾತುಗಳನ್ನು ಹೇಳುವುದಕ್ಕೆ ಅಷ್ಟು ಶತಮಾನಗಳು ಬೇಕಾದುವೇ ಎಂದು ನನಗೆ ಆಗಾಗ ಅನಿಸುತ್ತದೆ.

ಶಾಸನಜ್ಞ: ಸಮತಟ್ಟಾಗಿರುವುದೇ ಸಹಜವಾದರೆ, ಓರೆಯಾಗಿ ಎದ್ದುನಿಂತ ಪದರು ಕಂಡಾಗ ಏನೋ ಅನಾಹುತ ನಡೆದಿದೆಯೆಂದು ತಿಳಿಯಬೇಕು.

ಶಿಲಾಜ್ಞ: ದಿಬ್ಬದ ಓರೆಗೆರೆಗಳನ್ನು ಬಿಟ್ಟು, ಇಡೀ ಪದರೇ ಓರೆಯಾಗಿದ್ದರೆ ಹಾಗೆಯೇ. ಈಗ ಬಾದಾಮಿಯಿಂದ ಬಾಗಲಕೋಟೆ, ಲೋಕಾಪುರಗಳ ಕಡೆಗೆ ಹೋಗೋಣ. ಅಲ್ಲಿ ಬೇರೊಂದು ಪದರುಶಿಲೆಗಳ ಸಮುದಾಯವಿದೆ: ಗಟ್ಟಿಯಾದ ಬೆಣಚುಶಿಲೆ, ಜೇಡಿಶಿಲೆ, ಸುಣ್ಣದಕಲ್ಲು, ಡಾಲೊಮೈಟ್. ಮದರಾಸಿನ ಬಳಿಯ ಪಲ್ಲಾವರಂನಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡುಹಿಡಿದ ರಾಬರ್ಟ್ ಬ್ರೂಸ್ ಫೂಟ್ ನಿಮಗೆ ಗೊತ್ತಿರುವವನೇ. ಅವನ ಹೊಟ್ಟೆಪಾಡಿನ ಉದ್ಯೋಗ ಭೂವಿಜ್ಞಾನ ಸರ್ವೇಕ್ಷಣೆ. ಈ ಸೀಮೆಯ ಶಿಲೆಗಳನ್ನು ಅಲೆದು ನೋಡಿ 1876ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ ಇವುಗಳಿಗೆಲ್ಲ ಕಲಾದಗಿಯ ಹೆಸರನ್ನಿಟ್ಟ. ಅವನ ಅನಂತರದವರು ಇದನ್ನು ಎರಡಾಗಿ ವಿಂಗಡಿಸಿದರು: ಕೆಳಗಿನದು ಬಾಗಲಕೋಟೆ ಗುಂಪು, ಮೇಲಿನದು ಬಾದಾಮಿ ಗುಂಪು. ಏಕೆ ಎರಡು? ಬಾಗಲಕೋಟೆಯ ಪದರುಗಳು ಮಡಿಕೆಬಿದ್ದು ಓರೆಯಾಗಿ ನಿಂತಿವೆ; ಬಾದಾಮಿಯವು ಅವುಗಳ ಕಡಿದುಹೋದ ತಲೆಗಳ ಮೇಲೆ ಮಟ್ಟಸವಾಗಿ ಮಲಗಿವೆ. ಆ ಸಂಧಿಯಲ್ಲಿ ನಡೆದದ್ದನ್ನು ಕ್ರಮವಾಗಿ ಯೋಚಿಸಿರಿ. ಮೊದಲು ಸಾವಿರಾರು ಮೀಟರ್ ದಪ್ಪದ ಸಂಚಯ ಕೂಡಬೇಕು, ಕಲ್ಲಾಗಬೇಕು. ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಚಬೇಕು, ಬೆಟ್ಟವಾಗಿ ಮೇಲೇಳಬೇಕು. ಆ ಬೆಟ್ಟಗಳು ಕಣಕಣವಾಗಿ ಸವೆದು ನೆಲಸಮವಾಗಬೇಕು. ಆ ನೆಲ ಮತ್ತೆ ತಗ್ಗಿ ಅದರ ಮೇಲೆ ಹೊಸ ಉರುಟುಗಲ್ಲೂ ಮರಳೂ ಬಂದು ಬೀಳಬೇಕು. ಇಷ್ಟಕ್ಕೂ ದೊರೆತಿರುವ ಸ್ಥಳ ಒಂದು ಗೆರೆ.

ಶಾಸನಜ್ಞ: ಈ ಪ್ರಮಾಣವನ್ನು ತಳ್ಳಿಹಾಕುವುದು ಕಷ್ಟ.

ಶಿಲಾಜ್ಞ: ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಇಂಥದೇ ಸಂಧಿಯನ್ನು 1788ರಲ್ಲಿ ಸಿಕರ್ ಪಾಯಿಂಟ್ ಎಂಬ ಕಡಲ ದಡದ ಬಂಡೆಯಲ್ಲಿ ತನ್ನ ಇಬ್ಬರು ಗೆಳೆಯರಿಗೆ, ಪ್ಲೇಫೇರ್ ಮತ್ತು ಹಾಲ್ ಅವರಿಗೆ, ದೋಣಿಯಲ್ಲಿ ಕರೆದೊಯ್ದು ತೋರಿಸಿದ. ನೆಟ್ಟಗೆ ನಿಂತ ಬೂದುಗಲ್ಲಿನ ಮೇಲೆ ತುಸುವೇ ವಾಲಿದ ಕೆಂಪು ಮರಳುಗಲ್ಲು. ಅವನ ಬಳಿ ವರ್ಷಗಳ ಲೆಕ್ಕವಿರಲಿಲ್ಲ. ಆದರೂ ಭೂಮಿಯ ವಯಸ್ಸನ್ನು ಕೆಲವೇ ಸಾವಿರಗಳಲ್ಲಿ ಮುಗಿಸುತ್ತಿದ್ದವರ ವಾದ ಇನ್ನು ನಿಲ್ಲಲಾರದೆಂಬುದಕ್ಕೆ ಆ ಸಂಧಿಯೊಂದೇ ಸಾಕಾಯಿತು.

ಶಾಸನಜ್ಞ: ಅವನ ಬಳಿ ಇರಲಿಲ್ಲ, ಸರಿ. ನಿಮ್ಮ ಬಳಿ ಇದೆಯೇ? ಈ ಕಂಬದ ಕಾಲವನ್ನು ಶಕವರ್ಷದಂತೆ ಹೇಳಬಲ್ಲಿರೇ?

ಶಿಲಾಜ್ಞ: ಇಲ್ಲಿ ನಾನು ಸೋಲೊಪ್ಪಬೇಕು. ಅಗ್ನಿಶಿಲೆಯ ವಯಸ್ಸನ್ನು ಅದರ ಖನಿಜಗಳ ವಿಕಿರಣಶೀಲ ಧಾತುಗಳಿಂದ ಲೆಕ್ಕಹಾಕಬಹುದು. ಮರಳುಗಲ್ಲಿನ ಕಣವನ್ನು ಹಿಡಿದು ಪರೀಕ್ಷಿಸಿದರೆ ಸಿಕ್ಕುವುದು ಆ ಕಣ ಹುಟ್ಟಿದ ಗ್ರಾನೈಟಿನ ವಯಸ್ಸು.

ಶಾಸನಜ್ಞ: ಇದು ನಮಗೆ ದಿನದ ಅನುಭವ. ಕೋಟೆಯ ಗೋಡೆಯಲ್ಲಿ ಹಳೆಯ ದೇಗುಲದ ಕಂಬವನ್ನು ಕಟ್ಟಿರುತ್ತಾರೆ. ಕಂಬದ ಲಿಪಿಯನ್ನು ನೋಡಿ ಕೋಟೆಯ ಕಾಲವನ್ನು ಹೇಳಿದವನು ಕೆಟ್ಟ. ಆದರೆ ಒಂದು ಮಾತು ನಿಶ್ಚಯವಾಗಿ ಹೇಳಬಹುದು: ಗೋಡೆ ಆ ಕಂಬಗಳಲ್ಲಿ ಅತ್ಯಂತ ಹೊಸದಕ್ಕಿಂತಲೂ ಹೊಸದು.

ಶಿಲಾಜ್ಞ: ನಮ್ಮ ವಾದವನ್ನು ನೀವೇ ಆಡಿಬಿಟ್ಟಿರಿ. ಜಿರ್ಕಾನ್ ಎಂಬ ಸಣ್ಣ ಗಟ್ಟಿ ಹರಳುಗಳನ್ನು ಮರಳುಗಲ್ಲಿನಿಂದ ಆರಿಸಿ, ಅವುಗಳಲ್ಲಿ ಅತ್ಯಂತ ಕಿರಿಯದು ಯಾವುದೆಂದು ನೋಡಿದರೆ ಪದರು ಅದಕ್ಕಿಂತ ಕಿರಿಯದೆಂದಾಯಿತು. ಇನ್ನೊಂದು ಬದಿಯ ಮೇರೆಯನ್ನು ಹಾಕುವುದು ಪದರುಗಳನ್ನು ಸೀಳಿಕೊಂಡು ಮೇಲೆದ್ದ ಅಗ್ನಿಶಿಲೆಯ ಒಡ್ಡು: ಸೀಳಿಸಿಕೊಂಡದ್ದು ಸೀಳಿದ್ದಕ್ಕಿಂತ ಹಳೆಯದಾಗಿರಲೇಬೇಕಲ್ಲ. ಬಾಗಲಕೋಟೆ ಗುಂಪನ್ನು ಸೀಳಿದ ಇಂಥ ಒಡ್ಡಿನ ವಯಸ್ಸು 115 ಕೋಟಿ ವರ್ಷಗಳ ಆಸುಪಾಸಿನದೆಂದು ಅಳೆದಿದ್ದಾರೆ. ಆ ಪದರುಗಳು ಅದಕ್ಕೂ ಹಳೆಯವು. ನಮ್ಮ ಬಾದಾಮಿಯ ಕಲ್ಲು ಅವುಗಳಿಗಿಂತ ಈಚಿನದು, ಆದರೂ ಪ್ರಾಣಿಗಳೆಂಬುವು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಮುಂಚಿನದು. ಆದ್ದರಿಂದ ಇಲ್ಲಿ ಚಿಪ್ಪಾಗಲಿ ಎಲುಬಾಗಲಿ ಹುಡುಕಿ ಫಲವಿಲ್ಲ. ಲೋಕಾಪುರದ ಕಡೆಯ ಡಾಲೊಮೈಟುಗಳಲ್ಲಿ ಸೂಕ್ಷ್ಮಜೀವಿಗಳ ಪೊರೆಗಳು ಸುಣ್ಣವನ್ನು ಹಿಡಿದು ಗುಮ್ಮಟದಂತೆ ಕಟ್ಟಿದ ಪದರುಗಳುಂಟು. ಜೀವದ ಗುರುತೆಂದರೆ ಅಷ್ಟೇ.

ಶಾಸನಜ್ಞ: ಸುಣ್ಣವೆಂದಿರಿ. ಕಲಬುರ್ಗಿಯ ಕಡೆಯ ಶಹಾಬಾದಿ ಫರಸಿಯೂ ಇದೇ ಬಳಗದ್ದೇ?

ಶಿಲಾಜ್ಞ: ಬಳಗ ಬೇರೆ, ಅದು ಭೀಮಾ ತಗ್ಗಿನದು, ಹುಟ್ಟಿದ ವಿಧಾನವೂ ಬೇರೆ. ಮರಳು ಹೊತ್ತು ತಂದದ್ದು; ಸುಣ್ಣ ನೀರಿನಲ್ಲಿ ಕರಗಿ ಬಂದು ಸಮುದ್ರದಲ್ಲಿ ಮತ್ತೆ ಗಟ್ಟಿಯಾಗಿ ತಳಕ್ಕೆ ಇಳಿದದ್ದು. ಪದರಿಗೂ ಪದರಿಗೂ ನಡುವೆ ಜೇಡಿಯ ಪೊರೆ ಸೇರಿಕೊಂಡಿರುವುದರಿಂದಲೇ ಖಣಿಯವರು ಅದನ್ನು ಚಪ್ಪಟೆಯಾಗಿ ಎಬ್ಬಿಸಬಲ್ಲರು. ಉತ್ತರ ಕರ್ನಾಟಕದ ಅರ್ಧ ಶಾಲೆಗಳ ನೆಲ ಆ ಪೊರೆಯ ಉಪಕಾರ.

ಶಾಸನಜ್ಞ: ಒಂದು ಸಂಶಯ ಉಳಿಯಿತು. ಸಾವಿರಾರು ಮೀಟರ್ ದಪ್ಪವೆಂದಿರಿ. ಅಷ್ಟು ಆಳದ ಕಡಲು ಇಲ್ಲಿತ್ತೇ?

ಶಿಲಾಜ್ಞ: ಇರಬೇಕಾಗಿಲ್ಲ. ಬುಡದ ಪದರಿನಲ್ಲಿಯೂ ಮೊಣಕಾಲುದ್ದ ನೀರಿನ ಅಲೆಗಳು ಮೂಡಿಸಿದ ಸುಕ್ಕುಗಳು, ನೆತ್ತಿಯ ಪದರಿನಲ್ಲಿಯೂ ಅವೇ ಸುಕ್ಕುಗಳು ಕಾಣುವುದಾದರೆ ಅದಕ್ಕೆ ಒಂದೇ ಅರ್ಥ: ಮೇಲೆ ಮರಳು ತುಂಬಿದಂತೆಲ್ಲ ಕೆಳಗೆ ನೆಲ ಇಳಿಯುತ್ತ ಬಂತು, ನೀರು ಮಾತ್ರ ಎಂದೂ ಆಳವಾಗಲಿಲ್ಲ. ನೆಲ ಇಳಿಯದ ಕಡೆ ಎಷ್ಟು ಮರಳು ಬಿದ್ದರೂ ಉಳಿಯದು, ಮುಂದಕ್ಕೆ ಸಾಗಿಹೋಗುತ್ತದೆ. ಪದರುಶಿಲೆಗೆ ಮರಳಿಗಿಂತ ಹೆಚ್ಚಾಗಿ ತಗ್ಗು ಬೇಕು. ನಮ್ಮ ಕಾಲದಲ್ಲಿ ನಾವೇ ತಗ್ಗು ಮಾಡಿದ್ದೇವೆ. ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ಮಲಪ್ರಭೆ ಈಗ ತನ್ನ ಕೆಸರನ್ನು ಬಿಟ್ಟು ಬರುತ್ತಾಳೆ, ಹಿಂದೆ ಅದು ಕೃಷ್ಣೆಯೊಡನೆ ಬಂಗಾಳಕೊಲ್ಲಿಗೆ ಹೋಗುತ್ತಿತ್ತು.

ಶಾಸನಜ್ಞ: ಈ ಪದರಿಗೆ ಹೆಸರೇನಾದರೂ ಇಟ್ಟಿದ್ದೀರೋ, ಅಥವಾ ಬಾದಾಮಿ ಕಲ್ಲೆಂದೇ ಬಿಟ್ಟಿದ್ದೀರೋ?

ಶಿಲಾಜ್ಞ: ಬುಡದ ಉಂಡೆಗಲ್ಲಿನ ಶಿಲೆಗೆ ಕೆಂದೂರಿನ ಹೆಸರು, ಮೇಲಿನ ಜೇಡಿಶಿಲೆಗೆ ಹಲಗೇರಿಯ ಹೆಸರು. ನಡುವಿನ ಈ ಮರಳುಗಲ್ಲಿಗೆ ಊರಿನ ಹೆಸರನ್ನಿಡದೆ ಗುಹಾದೇವಾಲಯದ ಮರಳುಗಲ್ಲೆಂದೇ ಕರೆದಿದ್ದಾರೆ. ನಿಮ್ಮ ಮಂಗಳೇಶನಿಗೆ ನಮ್ಮವರು ಸಲ್ಲಿಸಿದ ಗೌರವವೆಂದು ತಿಳಿಯಿರಿ.

ಶಾಸನಜ್ಞ: ಮಂಗಳೇಶನಿಗಿಂತ ಅವನ ಶಿಲ್ಪಿಗೆ ಸಲ್ಲಬೇಕು. ನಿಮ್ಮ ಮಾತುಗಳಿಂದ ನನಗೆ ಹೊಳೆಯುತ್ತಿರುವುದೇನೆಂದರೆ, ಗುಹೆಯನ್ನು ತೋಡಿದವನಿಗೂ ಗುಡಿಯನ್ನು ಕಟ್ಟಿದವನಿಗೂ ಪದರಿನ ಸಂಬಂಧ ಒಂದೇ ತೆರನಾಗಿರಲಾರದು. ಇಲ್ಲಿ ಕಲ್ಲು ಹುಟ್ಟಿದ ಭಂಗಿಯಲ್ಲಿಯೇ ನಿಂತಿದೆ, ಚಾವಣಿಯೂ ಬಹುಮಟ್ಟಿಗೆ ಪದರಿನ ಹಾಸನ್ನೇ ಅನುಸರಿಸಿದೆ. ಪಟ್ಟದಕಲ್ಲಿನಲ್ಲಿ ಹಾಗಲ್ಲ, ಗಣಿಯಿಂದ ಎಬ್ಬಿಸಿ ತಂದ ಕಲ್ಲನ್ನು ಶಿಲ್ಪಿ ತನಗೆ ಬೇಕಾದಂತೆ ನಿಲ್ಲಿಸಬಹುದಲ್ಲ?

ಶಿಲಾಜ್ಞ: ನಿಲ್ಲಿಸಬಹುದು, ದಂಡವನ್ನೂ ತೆರಬೇಕಾದೀತು. ಮಲಗಿದ್ದ ಪದರು ಗೋಡೆಯಲ್ಲಿಯೂ ಮಲಗಿಯೇ ಇದ್ದರೆ ಮೇಲಿನ ಭಾರ ಪದರುಗಳನ್ನು ಒತ್ತಿ ಹಿಡಿಯುತ್ತದೆ. ಎತ್ತರದ ಕಂಬಕ್ಕೆ ಮಾತ್ರ ಅಷ್ಟು ದಪ್ಪನಾದ ಪದರು ದೊರೆಯುವುದು ಅಪರೂಪ; ಆದ್ದರಿಂದ ಕಲ್ಲನ್ನು ಹಾಸಿನ ಉದ್ದಕ್ಕೆ ಕಡಿದು ಎತ್ತಿ ನಿಲ್ಲಿಸುತ್ತಾರೆ, ಪದರುಗಳೂ ಅದರೊಡನೆ ನೆಟ್ಟಗಾಗುತ್ತವೆ. ಆಗ ಸಂಧಿಯೊಳಕ್ಕೆ ಮಳೆಯ ನೀರೂ ಉಪ್ಪೂ ಇಳಿದು, ಹೊರಮೈಯನ್ನು ಅದರ ಮೇಲಿನ ಶಿಲ್ಪದ ಸಮೇತ ಹಪ್ಪಳೆಯಾಗಿ ಎಬ್ಬಿಸುತ್ತವೆ.

ಶಾಸನಜ್ಞ: ಅರ್ಧ ಅಳಿದ ಶಾಸನಗಳನ್ನು ಓದಲಾಗದೆ ನಾನು ಶಪಿಸಿದ್ದು ದಂಡೆತ್ತಿ ಬಂದವರನ್ನು. ಅದರಲ್ಲಿ ಪದರಿನ ಪಾಲೆಷ್ಟು ಎಂಬುದನ್ನು ಕಂಬದಿಂದ ಕಂಬಕ್ಕೆ ನೋಡಿ ಬರೆದುಕೊಳ್ಳಬೇಕು. ಬೆಳಗಿನ ಏಳರ ಬಸ್ಸಿಗೆ ಪಟ್ಟದಕಲ್ಲಿಗೆ ಹೊರಡೋಣವೇ?

ಶಿಲಾಜ್ಞ: ಹೊರಡೋಣ. ದಾರಿಯಲ್ಲಿ ಆ ಊರಿನ ಹತ್ತಿರದ ಗುಡ್ಡದಲ್ಲಿರುವ ಚಾಲುಕ್ಯರ ಕಾಲದ ಕಲ್ಲುಗಣಿಯನ್ನು ಮೊದಲು ನೋಡಿ ಆಮೇಲೆ ಗುಡಿಗಳಿಗೆ ಹೋಗಬೇಕು. ಕಲ್ಲು ಅಲ್ಲಿ ಯಾವ ಭಂಗಿಯಲ್ಲಿತ್ತು ಎಂಬುದು ತಿಳಿಯದೆ ಕಂಬವನ್ನು ನೋಡಿದರೆ ಊಹೆಯಾಗುತ್ತದೆ. ನೀವು ಲಿಪಿಯ ಪಟ್ಟಿಯನ್ನು ತನ್ನಿರಿ, ನಾನು ಮಸೂರವನ್ನೂ ದಿಕ್ಸೂಚಿಯನ್ನೂ ತರುತ್ತೇನೆ.